ಒಬ್ಬಳೇ ನಡೆಯುವ ಪರೀಕ್ಷೆ

ಫುಪ್ಪು ಒಂದೊಂದೇ ರೇಷ್ಮೆಗೂಡನ್ನು ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಎಡಕ್ಕೋ ಬಲಕ್ಕೋ ಹಾಕುತ್ತಿದ್ದಳು. ಒಳಗಿನ ಹುಳು ಟಕ್ಕೆಂದರೆ ಬಲಕ್ಕೆ. ಸದ್ದೇ ಬಾರದಿದ್ದರೆ ಹುಳು ಒಳಗೇ ಸತ್ತು ಅಂಟಿಕೊಂಡಿದೆ ಎಂದರ್ಥ, ಅದು ಎಡಕ್ಕೆ. ನಾನು ಎದುರಿಗೆ ಕೂತು ಅದೇ ಕೆಲಸವನ್ನು ಕಣ್ಣಿನಿಂದ ಮಾಡುತ್ತಿದ್ದೆ. ಗೂಡು ಆರಿಸುವಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಬ್ಬಾಗೆ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿ ಬರುತ್ತಾರೆ. ನಾನು ಒಳ್ಳೆಯದೆಂದು ಬಲಕ್ಕೆ ಹಾಕಿದ್ದರೊಳಗೆ ಫುಪ್ಪು ಕೈಯಾಡಿಸಿ, ಮೂರನ್ನು ಹೆಕ್ಕಿ, ಅಲ್ಲಾಡಿಸಿ, ಏನೂ ಹೇಳದೆ ಎಡಕ್ಕೆ ಎಸೆದಳು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಫುಪ್ಪು ಎಂದರೆ ಅಬ್ಬಾನ ತಂಗಿ ಕಹಕಶಾನ್. ಮೂವತ್ತೈದು ವರ್ಷ. ಆರನೇ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಬೀದಿ. ಮನೆಗೊಂದು ಮೋಟರು, ಮೋಟರಿಗೊಂದು ಸದ್ದು. ಕರೆಂಟು ಹೋದರೆ ಜನರೇಟರು, ಅದೂ ಕೆಟ್ಟರೆ ಮಜರ್ ಚಾಚಾನ ಕೈಚರಕ. ಎಪ್ಪತ್ತು ದಾಟಿದ ಮಜರ್ ಚಾಚಾ ಮೋಟರನ್ನು ನಂಬುವುದಿಲ್ಲ. ಅವರ ಚರಕ ಸುತ್ತಿಗೊಮ್ಮೆ ಕಿರ್ ಎನ್ನುತ್ತದೆ, ಅದಕ್ಕೆ ಎಣ್ಣೆ ಹಾಕುವವರನ್ನೂ ಅವರು ನಂಬುವುದಿಲ್ಲ. ಈ ಬೀದಿಗೆ ಸೊಸೆಯಾಗಿ ಬಂದವರು ಮೊದಲ ತಿಂಗಳು ಸದ್ದಿಗೆ ತಲೆನೋವು ಎನ್ನುತ್ತಾರೆ, ಎರಡನೇ ತಿಂಗಳು ತವರಿಗೆ ಹೋದರೆ ಸದ್ದಿಲ್ಲದೆ ನಿದ್ದೆ ಬರಲಿಲ್ಲ ಎನ್ನುತ್ತಾರೆ. ಕೆಲಸದ ದಿನ ಹಗಲುಹೊತ್ತಿನಲ್ಲಿ ಬೀದಿಗೆ ಬೀದಿಯೇ ಸುಮ್ಮನಾಗುವುದು ಒಂದೇ ಕಾರಣಕ್ಕೆ, ಜನಾಜಾ ಬಂದಾಗ. ಹೆಣ ಹೊತ್ತವರು ಬೀದಿಯ ತಿರುವಿಗೆ ಬಂದರೆಂದರೆ ಮೋಟರುಗಳು ಒಂದೊಂದಾಗಿ ನಿಲ್ಲುತ್ತವೆ. ಬೀದಿಯಲ್ಲಿದ್ದ ಹೆಂಗಸರು ಗೋಡೆ ಸೇರಿ, ತಲೆ ತಗ್ಗಿಸಿ, ಅದು ಹಾದುಹೋಗುವವರೆಗೆ ಕದಲದೆ ನಿಲ್ಲುತ್ತಾರೆ. ಹೆಣಕ್ಕೆ ಅಡ್ಡವಾಗಿ ಯಾರೂ ಹೆಜ್ಜೆ ಇಡುವುದಿಲ್ಲ. ಬದುಕಿದ್ದಾಗ ಪಕ್ಕದ ಮನೆಯವನು ಜ್ವರ, ಹತ್ತು ನಿಮಿಷ ಮೋಟರು ನಿಲ್ಲಿಸಿ ಎಂದು ಬೇಡಿಕೊಂಡರೂ ನಿಲ್ಲಿಸದವರು, ಅವನು ಸತ್ತ ಮೇಲೆ ಕೇಳದೆಯೇ ನಿಲ್ಲಿಸುತ್ತಾರೆ. ಇದನ್ನು ನಮ್ಮ ಬೀದಿಯಲ್ಲಿ ಮರ್ಯಾದೆ ಎನ್ನುತ್ತಾರೆ.

ಗೂಡಿನ ಬುಟ್ಟಿ ಅರ್ಧಕ್ಕೆ ಇಳಿದಿತ್ತು. ಬಾಗಿಲಲ್ಲಿ ನಮ್ಮ ವಾರ್ಡಿನ ನಗರಸಭಾ ಸದಸ್ಯ ಚೆನ್ನರಾಯಪ್ಪನವರ ದನಿ ಕೇಳಿಸಿತು.

"ಪಾಷಾ, ಯಾರ್ ಬಂದವ್ರೆ ನೋಡಪ್ಪ! ಬೆಂಗ್ಳೂರಿಂದ ಸಂಶೋಧನೆಯವ್ರು. ನಿನ್ ತಂಗೀನೇ ಹುಡ್ಕೊಂಡು ಬಂದವ್ರೆ."

ಅಬ್ಬಾ ಗಾಬರಿಯಾದರು. "ನಮ್ ತಂಗಿ ಏನ್ ಮಾಡಿದ್ಲು ಸಾರ್?"

ಬಂದವರು ಇಬ್ಬರು. ಯಾಮಿನಿ ಮೇಡಂ, ನಡುವಯಸ್ಸು, ಹತ್ತಿ ಸೀರೆ. ಅವರ ಸಹಾಯಕ ಸಿದ್ಧಾರ್ಥ್, ಕೊರಳಲ್ಲಿ ಹೆಡ್‌ಫೋನು, ಕೈಯಲ್ಲಿ ಟ್ಯಾಬು. ಕಣ್ಣು ಕಾಣದವರು ಒಬ್ಬರೇ ಓಡಾಡುವಾಗ ಯಾವ ಯಾವ ಸದ್ದು ಹಿಡಿದು ದಾರಿ ಕಂಡುಕೊಳ್ಳುತ್ತಾರೆ ಎಂಬುದು ಅವರ ಸಂಶೋಧನೆಯಂತೆ. ಜಿಲ್ಲೆಯಲ್ಲಿ ಹನ್ನೆರಡು ಜನರನ್ನು ಆರಿಸಿದ್ದಾರಂತೆ. ಗೌರಿಬಿದನೂರು ಮುಗಿಯಿತಂತೆ, ಪೆರೇಸಂದ್ರ ಮುಗಿಯಿತಂತೆ, ಈಗ ನಮ್ಮೂರಂತೆ.

ಯಾಮಿನಿ ಮೇಡಂ ಫುಪ್ಪುವಿನ ಎದುರು ಬಗ್ಗಿ, ಬಾವಿಯೊಳಕ್ಕೆ ಕೂಗುವವರ ಹಾಗೆ ಕೇಳಿದರು. "ನಿಮ್... ಹೆಸರು... ಏನಮ್ಮಾ?"

"ಕಹಕಶಾನ್. ಕಿವಿ ಚೆನ್ನಾಗೇ ಅದೆ ಮೇಡಂ. ಹೋಗಿರೋದು ಕಣ್ಣು."

"ಓ! ಕಹಕಶಾನ್ ಅಂದ್ರೆ ನಕ್ಷತ್ರಗಳ ದಾರಿ ಅಲ್ವಾ?" ಮೇಡಂ ಸಿದ್ಧಾರ್ಥ್ ಕಡೆ ತಿರುಗಿದರು. "ನೋಟ್ ಮಾಡ್ಕೋ. ಎಷ್ಟು ಅರ್ಥಪೂರ್ಣವಾಗಿದೆ."

"ಕುರುಡಿಗೆ ಇಟ್ಟಿದ್ದಲ್ಲ ಮೇಡಂ," ಎಂದಳು ಫುಪ್ಪು, ಗೂಡು ಅಲ್ಲಾಡಿಸುತ್ತ. "ಹೆಸರಿಟ್ಟಾಗ ಕಾಣ್ತಿತ್ತು."

ಸಿದ್ಧಾರ್ಥ್ ಅದನ್ನು ನೋಟ್ ಮಾಡಿಕೊಳ್ಳಲಿಲ್ಲ.

ಆಮೇಲೆ ಪ್ರಶ್ನೆಗಳು ಶುರುವಾದವು. ನಲವತ್ತೊಂದು ಪ್ರಶ್ನೆ. ಅಮ್ಮಿ ಚಹಾ ತಂದಿಟ್ಟರು, ಆರಿತು, ಮತ್ತೆ ತಂದಿಟ್ಟರು. ವಾರದಲ್ಲಿ ಎಷ್ಟು ಸಲ ವಿರಾಮಕ್ಕಾಗಿ ಪ್ರಯಾಣ ಮಾಡುತ್ತೀರಿ ಎಂದು ಸಿದ್ಧಾರ್ಥ್ ಕೇಳಿದ.

"ಹಂಗಂದ್ರೆ?"

"ಸುಮ್ನೆ. ಖುಷಿಗೆ. ಪಾರ್ಕು, ಸಿನಿಮಾ..."

ಫುಪ್ಪು ನಕ್ಕಳು. ಅಬ್ಬಾ ಕೆಮ್ಮಲು ಹೊರಗೆ ಹೋಗಲಿಲ್ಲ, ಅಲ್ಲೇ ಕೆಮ್ಮಿದರು.

"ಕಳೆದ ಏಳು ದಿನದಲ್ಲಿ ಯಾರ ನೆರವೂ ಇಲ್ಲದೆ ಎಷ್ಟು ಸಲ ಹೊರಗೆ ಹೋಗಿದ್ದೀರಿ?"

ಫುಪ್ಪು ಮುಖವನ್ನು ನನ್ನ ಕಡೆ ತಿರುಗಿಸಿದಳು. ನಿಜವಾದ ಉತ್ತರ ಹನ್ನೆರಡು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ದೊಡ್ಡ ನೂಲಿನ ಕಾರ್ಖಾನೆಯಿದೆ. ಅಲ್ಲಿ ರೇಷ್ಮೆ ಲಡಿಗಳನ್ನು ಬೆರಳಿನಿಂದ ಮುಟ್ಟಿ, ಗಂಟು ಎಷ್ಟು, ಸಿಕ್ಕು ಎಷ್ಟು ಎಂದು ಹೇಳುವುದು ಫುಪ್ಪುವಿನ ಕೆಲಸ. ವಾರಕ್ಕೆ ಆರು ದಿನ, ಹೋಗಿ ಬರುವುದು ಸೇರಿ ಹನ್ನೆರಡು ಸಲ. ಅವಳ ಜೊತೆಗೆ ಯಾರಾದರೂ ಬೇಕಲ್ಲ ಎಂದು ಅಬ್ಬಾ ಎಂಟನೇ ಕ್ಲಾಸಿನ ಮಧ್ಯದಲ್ಲಿ ನನ್ನನ್ನು ಶಾಲೆ ಬಿಡಿಸಿದ್ದರು. ಏಳು ವರ್ಷವಾಯಿತು. ಬೀದಿಯ ತುದಿಯಲ್ಲಿ ಇಡ್ಲಿ ಮಾರುವ ಮಂಗಮ್ಮನ ಜಗಲಿಯವರೆಗೆ ನಾನು ಫುಪ್ಪುವಿನ ಕೈ ಹಿಡಿದು ಹೋಗುತ್ತೇನೆ. ಅಲ್ಲಿಂದ ಮುಂದೆ ದೊಡ್ಡ ರಸ್ತೆ, ಜನ, ಗಂಡಸರು, ಬಸ್ಸು. ಅಲ್ಲಿ ನನಗೆ ಹೆಜ್ಜೆ ಮುಂದೆ ಹೋಗುವುದಿಲ್ಲ. ಮೊದಲ ವಾರವೇ ಅವಳು, "ನೀನಿಲ್ಲೇ ಕೂತಿರು ಕಣೇ, ನಿನ್ನ ಎಳಕೊಂಡು ಹೋಗೋದೇ ನಂಗೊಂದು ಕೆಲಸ ಆಗಿದೆ," ಎಂದು ಕೈ ಬಿಡಿಸಿಕೊಂಡಿದ್ದಳು. ಅಂದಿನಿಂದ ಅವಳು ಒಬ್ಬಳೇ ಹೋಗುತ್ತಾಳೆ. ಸಂಜೆ ಒಬ್ಬಳೇ ಜಗಲಿಗೆ ಬರುತ್ತಾಳೆ. ನಾನು ಎದ್ದು ಕೈ ಹಿಡಿದು, ಜೋಪಾನವಾಗಿ ಮನೆಗೆ ಕರೆತರುತ್ತೇನೆ. ಇಷ್ಟು ಒಳ್ಳೆಯ ಹುಡುಗಿ ಬೀದಿಯಲ್ಲೇ ಇಲ್ಲ ಎಂದು ನನಗೆ ಹೆಸರಿದೆ.

ಮಂಗಮ್ಮನಿಗೆ ಮಾತ್ರ ಗೊತ್ತು. "ಏಮ್ಮಾ ಕಾವಲುಗಾರ್ತಿ," ಎನ್ನುತ್ತಾಳೆ ದಿನಾ, "ಕಾಯೋಳು ಇಲ್ಲಿ ಇಡ್ಲಿ ತಿಂತಾ ಕೂತವ್ಳೆ, ಕಾಯಿಸ್ಕೊಳ್ಳೋಳು ಆಗ್ಲೇ ಬಸ್‌ಸ್ಟ್ಯಾಂಡ್ ದಾಟವ್ಳೆ."

"ಸೊನ್ನೆ ಅಂತ ಬರ್ಕೊಳಿ," ಎಂದಳು ಫುಪ್ಪು. ಆಮೇಲೆ ನನ್ನತ್ತ ಬೆರಳು ತೋರಿದಳು. "ಇವಳು ನಮ್ಮಣ್ಣನ ಮಗಳು ಸಾಬ್ರೀನ್. ಇವಳನ್ನೂ ಕೇಳಿ. ಒಬ್ಬಳೇ ಎಷ್ಟು ಸಲ ಆಚೆ ಹೋಗವ್ಳೆ ಅಂತ."

"ಕಣ್ಣಿರೋರಿಗೆ ನಮ್ಮಲ್ಲಿ ಕಾಲಂ ಇಲ್ಲಮ್ಮ," ಎಂದ ಸಿದ್ಧಾರ್ಥ್.

"ಹಂಗಾದ್ರೆ ಅಂಚಲ್ಲೆಲ್ಲಾದ್ರೂ ಬರ್ಕೊಳಪ್ಪ. ಇವಳ್ದೂ ಸೊನ್ನೆ."

ಪ್ರಶ್ನೆ ಮುಗಿದ ಮೇಲೆ ಪರೀಕ್ಷೆ ಇದೆ ಎಂದರು ಮೇಡಂ. ಮುಂದಿನ ಬುಧವಾರ ಹನ್ನೊಂದು ಗಂಟೆಗೆ ಫುಪ್ಪು ಮನೆಯ ಹೊಸ್ತಿಲಿಂದ ಹೊರಟು ಒಬ್ಬಳೇ ಬಸ್‌ಸ್ಟ್ಯಾಂಡ್ ತಲುಪಬೇಕು. ಮೂವತ್ತು ನಿಮಿಷ ಸಮಯ. ತಲುಪಿದರೆ 'ಸ್ವತಂತ್ರವಾಗಿ ಸಂಚರಿಸಬಲ್ಲರು' ಎಂಬ ಪತ್ರ. ಇಲ್ಲದಿದ್ದರೆ 'ಜೊತೆಗಾರರು ಅಗತ್ಯ' ಎಂಬ ಪತ್ರ. ಎರಡರಲ್ಲಿ ಯಾವುದಾದರೂ ಅದಕ್ಕೆ ಚೆಂದದ ಚೌಕಟ್ಟು ಉಂಟಂತೆ, ಚಿಕ್ಕಬಳ್ಳಾಪುರದ ಸಭೆಯಲ್ಲಿ ಶಾಲು ಹೊದಿಸಿ ಕೊಡುತ್ತಾರಂತೆ.

ದಿನಾ ಒಂಬತ್ತು ನಿಮಿಷದಲ್ಲಿ ನಡೆಯುವ ದಾರಿ. ಫುಪ್ಪುವಿನ ಕೈ ಮೊದಲ ಸಲ ಗೂಡಿನ ಮೇಲೆ ನಿಂತಿತು.

"ಭಾಯಿ," ಎಂದಳು ಅಬ್ಬಾಗೆ. "ಒಬ್ಬಳೇ ಹೋಗಬಲ್ಲಳು ಅಂತ ಈ ಮೇಡಂ ಬರೆದುಕೊಟ್ರೆ ಚಿಂತಾಮಣಿಗೆ ಕಳಿಸ್ತೀಯಾ?"

ಚಿಂತಾಮಣಿಯ ಮಾತು ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಇತ್ತು. ಅಲ್ಲಿ ಗೌತಮಿ ಎಂಬುವರು ನೂಲಿಗೆ ಹುರಿ ಹಾಕುವ ಹೊಸ ಕಾರ್ಖಾನೆ ಮಾಡಿದ್ದರು. ಫುಪ್ಪುವಿನ ಬೆರಳಿನ ಸುದ್ದಿ ಕೇಳಿ, ಹತ್ತು ಹುಡುಗಿಯರನ್ನು ಕೈಕೆಳಗೆ ಕೊಡುತ್ತೇನೆ, ಬಂದು ಕಲಿಸು ಎಂದು ಹೇಳಿಕಳಿಸಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಕೇಳಿದಾಗಲೆಲ್ಲ ಅಬ್ಬಾ ಆಗಲ್ಲ ಎಂದಿದ್ದರು. ಮನೆಗೆ ಬಂದ ಮೆಹಮಾನರ ಎದುರು ಹಾಗೆನ್ನುವುದು ಹೇಗೆ?

"ಇಷ್ಟು ಓದಿದೋರು ಬರೆದುಕೊಟ್ಟ ಮೇಲೆ ಬೇಡ ಅನ್ನೋಕೆ ನಾನ್ಯಾರು?" ಎಂದು ನಕ್ಕರು. ನಂತರ ನಗು ನಿಲ್ಲಿಸಿ, "ಆಗಲ್ಲ ಅಂತ ಬರೆದ್ರೆ ಮಾತ್ರ ಈಗಿರೋ ಕೆಲಸಾನೂ ಸಾಕು. ಮನೇಲೇ ಗೂಡು ಆರಿಸ್ಕೊಂಡಿರು," ಎಂದರು.

"ಆಗ್ಲಿ," ಎಂದಳು ಫುಪ್ಪು. ಅವಳು ನನ್ನ ಮೊಣಕಾಲನ್ನು ಮೆಲ್ಲಗೆ ಚಿವುಟಿದ್ದು ಯಾರಿಗೂ ಕಾಣಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಹೊರಡುವ ಹೊತ್ತಿಗೆ ಚೆನ್ನರಾಯಪ್ಪನವರು ಒಂದು ಮಾತು ಕೇಳಿದರು.

"ಮೇಡಂ, ಗೌರಿಬಿದನೂರೋರು ಎಷ್ಟು ನಿಮಿಷಕ್ಕೆ ಹೋದ್ರು?"

"ಅದು ಸ್ಪರ್ಧೆ ಅಲ್ಲ ಸಾರ್. ಅವರು ರೈಲ್ವೆ ಸ್ಟೇಷನ್‌ವರೆಗೆ, ಹದಿನೆಂಟು ನಿಮಿಷ."

"ಹದಿನೆಂಟಾ?" ಚೆನ್ನರಾಯಪ್ಪನವರು ಹಲ್ಲು ಕಡಿದರು. "ನಮ್ಮೂರೋರು ಏನ್ ಕಮ್ಮೀನಾ? ನೀವು ಬುಧವಾರ ಬನ್ನಿ, ರೋಡ್ ಹೆಂಗಿರ್ತದೆ ನೋಡಿ."

ಮರುದಿನದಿಂದ ನಮ್ಮ ಬೀದಿಗೆ ಅದೃಷ್ಟ ಬಂತು. ಹತ್ತು ವರ್ಷ ಅರ್ಜಿ ಕೊಟ್ಟರೂ ಬಾರದ ನಗರಸಭೆಯ ಟ್ರ್ಯಾಕ್ಟರು ಬೆಳಗ್ಗೆ ಏಳಕ್ಕೇ ಬಂದು ನಿಂತಿತು. ಪರೀಕ್ಷೆಗೆ ಮೊದಲು ಆಯಾಸ ಮಾಡಿಕೊಳ್ಳಬಾರದೆಂದು ಅಬ್ಬಾ ಫುಪ್ಪುವನ್ನು ಹೊರಗೆ ಬಿಡಲಿಲ್ಲ. ಅವಳು ಒಳಗೆ ಗೂಡು ಆರಿಸುತ್ತಿದ್ದಳು, ನಾನು ಕಿಟಕಿಯಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದೆ.

"ಮೂಲೆಯ ಒರಳುಕಲ್ಲು ಎತ್ತಿ ಟ್ರ್ಯಾಕ್ಟರಿಗೆ ಹಾಕಿದ್ರು ಫುಪ್ಪು. ನೀನು ಎಡವ್ತೀಯ ಅಂತೆ."

ಆ ಮುರುಕು ಒರಳುಕಲ್ಲಿಗೆ ಅವಳ ಪಾದ ತಾಗಿದರೆ ಬಲಕ್ಕೆ ತಿರುಗಬೇಕು ಎಂದು ಗುರುತು. ಏಳು ವರ್ಷದಲ್ಲಿ ಅವಳು ಅದಕ್ಕೆ ಎಡವಿಲ್ಲ. ಕಣ್ಣಿದ್ದವರು ಎಡವಿದ್ದಾರೆ, ಚೆನ್ನರಾಯಪ್ಪನವರೇ ಚುನಾವಣೆಯಲ್ಲಿ ಕೈಮುಗಿದುಕೊಂಡು ಬರುವಾಗ ಎಡವಿದ್ದರು.

"ಹೋಗ್ಲಿ ಬಿಡು. ನಲ್ಲಿ ಅದೆಯಲ್ಲ. ತೊಟ್ಟಿಕ್ತಾ ಇರ್ತದೆ."

ಮಧ್ಯಾಹ್ನ ನಲ್ಲಿಗೆ ಹೊಸ ತಿರುಪು ಹಾಕಿದರು. ತೊಟ್ಟಿಕ್ಕುವುದು ನಿಂತಿತು.

"ಅದೂ ಹೋಯ್ತಾ? ಚರಂಡಿ ಬಿಸಿನೀರಿನ ಹಬೆ ಕಾಲಿಗೆ ತಾಗ್ತದೆ, ಸಾಕು."

ಸೋಮವಾರ ಚರಂಡಿಗೆ ಚಪ್ಪಡಿ ಮುಚ್ಚಿದರು. ಬೇಯಿಸಿದ ರೇಷ್ಮೆಹುಳುವಿನ ರಾಶಿಯನ್ನು ಎತ್ತಿ ಊರಾಚೆ ಸಾಗಿಸಿ, ಬೀದಿಗೆಲ್ಲ ಫಿನಾಯಿಲ್ ಹೊಡೆದರು. ಹುಳುವಿನ ನಾತ ಹೋಯಿತು, ಅದಕ್ಕೆ ಮುತ್ತುತ್ತಿದ್ದ ಕಾಗೆಗಳೂ ಹೋದವು. ಮಂಗಳವಾರ ಮಂಗಮ್ಮನ ಇಡ್ಲಿ ಒಲೆಯನ್ನು ಒಂದು ದಿನದ ಮಟ್ಟಿಗೆ ಒಳಗಿಡು ಎಂದರು.

"ಏಂದಿದು," ಎಂದು ಅವಳು ಬೀದಿಯಲ್ಲೇ ನಿಂತು ಕೂಗಿದಳು. "ಕುರುಡಿ ನಡೆಯಾಕೆ ನನ್ ಒಲೆ ಯಾಕಪ್ಪ ಆರಿಸ್ಬೇಕು? ಆಯಮ್ಮ ನನ್ ಇಡ್ಲಿ ವಾಸ್ನೆ ಹಿಡ್ಕೊಂಡೇ ರೋಡ್ ದಾಟೋದು!"

"ನಿಂಗೇನ್ ಗೊತ್ತಮ್ಮ ಸಂಶೋಧನೆ?" ಎಂದರು ಚೆನ್ನರಾಯಪ್ಪನವರು.

ನಾನು ಓಡಿಹೋಗಿ ಅವರಿಗೆ ಎಲ್ಲ ಹೇಳಬೇಕೆಂದು ಬಾಗಿಲವರೆಗೆ ಹೋದೆ. ಕಲ್ಲು ಯಾಕೆ ಬೇಕು, ನಲ್ಲಿ ಯಾಕೆ ಬೇಕು. ಹೇಳಿದರೆ, ನಿನಗೆ ಹೇಗೆ ಗೊತ್ತು, ನೀನು ಕೈ ಹಿಡಿದಿರುತ್ತೀಯಲ್ಲ ಎಂದು ಅಬ್ಬಾ ಕೇಳುತ್ತಿದ್ದರು. ಚೆನ್ನರಾಯಪ್ಪನವರು ನನ್ನನ್ನು ನೋಡಿ, "ಏನಮ್ಮ ಸಾಬ್ರೀನಮ್ಮ, ಹೆಂಗದೆ ರೋಡು?" ಎಂದರು. "ಚೆನ್ನಾಗಿದೆ ಅಂಕಲ್," ಎಂದು ಒಳಗೆ ಬಂದೆ.

"ಅಳಬೇಡ ಕಣೇ," ಎಂದಳು ಫುಪ್ಪು. "ಕಲ್ಲು ಹೋಗ್ಲಿ, ನೀರು ಹೋಗ್ಲಿ, ಇಡ್ಲೀನೂ ಹೋಗ್ಲಿ. ಸದ್ದು ಎತ್ಕೊಂಡು ಹೋಗೋಕೆ ಇವರ ಟ್ರ್ಯಾಕ್ಟರಿಗೆ ಆಗ್ತದಾ? ನಮ್ಮ ಮೋಟರು, ಆಮೇಲೆ ಮೂರು ಮೋಟರು, ಮಜರ್ ಚಾಚಾ ಚರಕ. ಅದರ ಕಿರ್ ಸದ್ದು ಬೆನ್ನಿಗೆ ಬಿದ್ದ ಮೇಲೆ ಹದಿನಾಲ್ಕು ಹೆಜ್ಜೆ, ಬಲಕ್ಕೆ ತಿರುಗಿದ್ರೆ ದೊಡ್ಡ ರಸ್ತೆ. ಆ ಮುದುಕನ ಚರಕ ಇರೋವರ್ಗೂ ನಂಗೆ ಯಾವ ಕಲ್ಲೂ ಬೇಡ."

ಬುಧವಾರ ಬಂತು. ಬೀದಿ ಮದುವೆಗೆ ನಿಂತ ಮನೆಯ ಹಾಗಿತ್ತು. ಎರಡೂ ಬದಿಗೆ ಜನ. ಗಂಡಸರು ಇಸ್ತ್ರಿ ಅಂಗಿ ಹಾಕಿದ್ದರು, ಹೆಂಗಸರು ಬಾಗಿಲ ಪರದೆಯ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕಾಣದವಳು ಒಬ್ಬಳೇ ನಡೆಯುವುದನ್ನು ನೋಡಲು ಮುನ್ನೂರು ಕಣ್ಣು. ಸಿದ್ಧಾರ್ಥ್ ಫುಪ್ಪುವಿನ ಕಪ್ಪು ಬುರ್ಖಾದ ಮೇಲೆ ಹೊಳೆಯುವ ಕಿತ್ತಳೆ ಕೋಟು ತೊಡಿಸಿದ, ಭುಜಕ್ಕೆ ಒಂದು ಪುಟ್ಟ ಮೈಕು ಸಿಕ್ಕಿಸಿದ, ಕೈಗೆ ಮಡಚುವ ಬಿಳಿ ಕೋಲು ಕೊಟ್ಟ. ಅವಳು ದಿನಾ ಹಿಡಿಯುತ್ತಿದ್ದ ಹಳೆಯ ಛತ್ರಿಯನ್ನು ಅಮ್ಮಿಯ ಕೈಗಿತ್ತು, "ಇದು ಮಾನ್ಯತೆ ಪಡೆದ ಸಾಧನ ಅಲ್ಲ," ಎಂದ.

ಯಾಮಿನಿ ಮೇಡಂ ಎಲ್ಲರಿಗೂ ಕೈಮುಗಿದು ಒಂದೇ ನಿಯಮ ಹೇಳಿದರು. "ಅವರು ಹೊಸ್ತಿಲು ದಾಟಿದ ಮೇಲೆ ಯಾರೂ ಅವರನ್ನು ಮುಟ್ಟಬಾರದು, ಮಾತಾಡಿಸಬಾರದು. ಅವರೇ ಏನಾದರೂ ಕೇಳಿದರೂ ಉತ್ತರ ಕೊಡಬಾರದು. ಒಂದು ಮಾತು ಬಂದರೂ ಪರೀಕ್ಷೆ ರದ್ದು, 'ಜೊತೆಗಾರರು ಅಗತ್ಯ' ಅಂತಲೇ ಬರೆಯಬೇಕಾಗುತ್ತದೆ."

"ಕೇಳಿದ್ರೇನ್ರಪ್ಪ?" ಚೆನ್ನರಾಯಪ್ಪನವರು ಬೀದಿಗೆಲ್ಲ ಬೆರಳಾಡಿಸಿದರು. "ಯಾವನಾದ್ರೂ ಬಾಯ್ ಬಿಟ್ರೆ ಊರ ಮರ್ಯಾದೆ ಕಳ್ದಂಗೆ. ಗೌರಿಬಿದನೂರೋರು ನಗ್ತಾರೆ."

ಮೇಡಂ "ಶುರು" ಎಂದರು. ಸಿದ್ಧಾರ್ಥ್ ಗಡಿಯಾರ ಒತ್ತಿದ. ಫುಪ್ಪು ಹೊಸ್ತಿಲು ದಾಟಿ, ನಮ್ಮ ಮೋಟರಿನ ಸದ್ದನ್ನು ಎಡಗಿವಿಗೆ ಇಟ್ಟುಕೊಂಡು, ನೆಟ್ಟಗೆ, ಚುರುಕಾಗಿ ಹೊರಟಳು. ಹೊಸ ಕೋಲನ್ನು ನೆಲಕ್ಕೂ ತಾಗಿಸಲಿಲ್ಲ. ನನಗೆ ನಗು ಬಂತು. ಒಂಬತ್ತು ನಿಮಿಷ, ಅಷ್ಟೇ.

ಸಿದ್ಧಾರ್ಥ್ ಹೆಡ್‌ಫೋನು ಒತ್ತಿ ಹಿಡಿದು ಮುಖ ಕಿವುಚಿದ. "ಮೇಡಂ, ಬರೀ ಗುಂಯ್ ಅಂತಿದೆ. ಮೋಟರ್ ಸೌಂಡಲ್ಲಿ ಅವರಿಗೆ ಏನು ಕೇಳಿಸ್ತಿದೆ ಅಂತಾನೇ ರೆಕಾರ್ಡ್ ಆಗ್ತಿಲ್ಲ."

ಪಿಸುಮಾತೇ ಆದರೂ ಅಬ್ಬಾಗೆ ಕೇಳಿಸಿತು. ಮನೆಗೆ ಬಂದ ಮೆಹಮಾನನಿಗೆ ನಮ್ಮ ಮೋಟರಿನಿಂದ ತೊಂದರೆ! ಅಬ್ಬಾ ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳುವವರಂತೆ ಬಾಗಿದರು. ಆಮೇಲೆ ಬೀದಿಯ ಕಡೆ ತಿರುಗಿ, ಕೈ ಮೇಲೆತ್ತಿ, ಕೆಳಗಿಳಿಸಿದರು. ನಮ್ಮ ಬೀದಿಯವರಿಗೆ ಆ ಸನ್ನೆ ಚೆನ್ನಾಗಿ ಗೊತ್ತು.

ಮೊದಲು ನಮ್ಮ ಮೋಟರು ನಿಂತಿತು. ಆಮೇಲೆ ಎದುರು ಮನೆಯದು. ಆಮೇಲೆ ಅದರಾಚೆಯದು. ಒಂದೊಂದಾಗಿ, ದೀಪ ಆರಿಸಿದ ಹಾಗೆ, ಬೀದಿಯ ಕೊನೆಯವರೆಗೆ. ಕಡೆಗೆ ಮಜರ್ ಚಾಚಾನ ಚರಕ ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಚಾಚಾ ಎದ್ದು ಬಂದು ಟೋಪಿ ಸರಿಮಾಡಿಕೊಂಡು ಜನರ ಸಾಲಿನಲ್ಲಿ ನಿಂತರು.

ಸದ್ದು ಹಿಡಿದು ನಡೆಯುವವರನ್ನು ಅಭ್ಯಾಸ ಮಾಡಲು ಬಂದವನು ಹೆಡ್‌ಫೋನಿನೊಳಗೆ ಕೇಳಿ, ಹೆಬ್ಬೆರಳೆತ್ತಿ ಮೇಡಂಗೆ ತೋರಿಸಿದ. ಈಗ ಬಹಳ ಚೊಕ್ಕಟವಾಗಿತ್ತು.

ಫುಪ್ಪು ನಿಂತಳು.

ದಾರಿ ತಪ್ಪಿದವರು ನಿಲ್ಲುವ ಹಾಗಲ್ಲ. ಅವಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೆನ್ನಿಗೆ ಗೋಡೆ ತಾಗಿಸಿಕೊಂಡಳು. ಬಿಳಿ ಕೋಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಬುರ್ಖಾದ ಮುಸುಕನ್ನು ಹಣೆಯವರೆಗೆ ಎಳೆದು ತಲೆ ತಗ್ಗಿಸಿದಳು. ತುಟಿಗಳು ಅಲುಗಿದವು, ಹೋದವರಿಗಾಗಿ ಹೇಳುವ ದುವಾ.

ಬೀದಿಯಲ್ಲಿ ಪ್ರತಿಯೊಬ್ಬರಿಗೂ ತಕ್ಷಣ ಅರ್ಥವಾಯಿತು. ಅವಳು ಜನಾಜಾ ಹೋಗಲೆಂದು ಕಾಯುತ್ತಿದ್ದಳು.

ಅರ್ಥವಾಗದವರು ಇಬ್ಬರೇ. 'ಕಾರಣವಿಲ್ಲದೆ ನಿಂತರು' ಎಂದು ಸಿದ್ಧಾರ್ಥ್ ಟ್ಯಾಬಿನಲ್ಲಿ ಬರೆದ. ಮೇಡಂ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, "ದಿಗ್ಭ್ರಮೆ ಅಂತ ಹಾಕು," ಎಂದು ಪಿಸುಗುಟ್ಟಿದರು.

ಐದು ನಿಮಿಷವಾಯಿತು. ಹತ್ತಾಯಿತು. ಅಬ್ಬಾ ಸಿದ್ಧಾರ್ಥ್‌ನ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದರು. ಚೆನ್ನರಾಯಪ್ಪನವರು ಅವರ ತೋಳು ಹಿಡಿದೆಳೆದು, ತುಟಿಯ ಮೇಲೆ ಬೆರಳಿಟ್ಟರು. ಅಬ್ಬಾ ಮೋಟರು ಹಾಕಿ ಎಂದು ಕೈಸನ್ನೆ ಮಾಡಿದರು. ಎದುರು ಮನೆಯವರು ಮೇಡಂ ಕಡೆ ನೋಡಿದರು. ಮೇಡಂ ಬೇಡ ಬೇಡವೆಂದು ಎರಡೂ ಕೈ ಆಡಿಸಿದರು. ಪರೀಕ್ಷೆಯ ನಡುವೆ ಏನನ್ನೂ ಬದಲಾಯಿಸಬಾರದು ಎಂದೇನೋ ಅವರಿಗೂ ಒಂದು ನಿಯಮವಿರಬೇಕು. ಮೆಹಮಾನರ ಮಾತು ಮೀರುವುದುಂಟೇ? ಎಲ್ಲರೂ ನಿಂತಲ್ಲೇ ನಿಂತರು. ಮಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು.

ನಮ್ಮ ಮೋಟರಿನ ಗುಂಡಿ ನನ್ನಿಂದ ಇಪ್ಪತ್ತು ಹೆಜ್ಜೆಯಲ್ಲಿತ್ತು. ಮಾತಾಡಬೇಕಾಗಿರಲಿಲ್ಲ, ಮುಟ್ಟಬೇಕಾಗಿರಲಿಲ್ಲ. ಒಂದು ಗುಂಡಿ. ಆ ಸದ್ದು ಕೇಳಿದರೆ ಹೆಣ ದಾಟಿತು ಎಂದುಕೊಂಡು ಅವಳು ಹೊರಟುಬಿಡುತ್ತಿದ್ದಳು. ಆದರೆ ಆ ಇಪ್ಪತ್ತು ಹೆಜ್ಜೆ ಬೀದಿಯ ನಟ್ಟನಡುವೆ, ಮುನ್ನೂರು ಕಣ್ಣಿನ ಎದುರು, ನಾನೊಬ್ಬಳೇ ನಡೆಯಬೇಕಿತ್ತು. ನನ್ನ ಬಲಗಾಲು ಒಮ್ಮೆ ಮುಂದೆ ಹೋಯಿತು. ಗಂಡಸರೊಬ್ಬರು ತಿರುಗಿ ನೋಡಿದರು. ಕಾಲು ಹಿಂದಕ್ಕೆ ಬಂತು.

ಹದಿನೇಳನೇ ನಿಮಿಷಕ್ಕೆ ಫುಪ್ಪು ತಲೆ ಎತ್ತದೆ ಮೆಲ್ಲಗೆ ಕೇಳಿದಳು. "ಯಾರು ಹೋಗಿದ್ದು?"

ಅವಳು ಕಿವಿಗೊಟ್ಟಳು. ಬೀದಿಯ ಆ ಕೊನೆಯಲ್ಲಿ ಇರಬೇಕಾದ ಸದ್ದನ್ನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಅವಳ ಮುಖ ನಿಧಾನವಾಗಿ ಬದಲಾಯಿತು.

"ಮಜರ್ ಚಾಚಾನಾ?" ಎಂದಳು.

ಮಜರ್ ಚಾಚಾ ಅವಳ ಎದುರಿಗೆ ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ಅವರ ಬಾಯಿ ಅರ್ಧ ತೆರೆಯಿತು. ಅವರ ಮಗ ಹಿಂದಿನಿಂದ ಅಂಗೈಯಲ್ಲಿ ಆ ಬಾಯಿಯನ್ನು ಮುಚ್ಚಿದ.

"ಯಾ ಅಲ್ಲಾ. ಮೊನ್ನೆ ತಾನೇ ಬೈದಿದ್ದೆ, ಆ ಚರಕಕ್ಕೆ ಎಣ್ಣೆ ಹಾಕು ಮುದುಕಪ್ಪ ಅಂತ." ಫುಪ್ಪುವಿನ ದನಿ ಒಡೆಯಿತು. "ಒಳ್ಳೇವ್ರು. ಜಿಪುಣರು, ಆದ್ರೂ ಒಳ್ಳೇವ್ರು."

ಮಗನ ಅಂಗೈಯ ಮೇಲಿಂದ ಚಾಚಾನ ಕಣ್ಣುಗಳು ಪಿಳಿಪಿಳಿ ಎನ್ನುತ್ತಿದ್ದವು. ಪರದೆಯ ಹಿಂದೆ ಯಾರೋ ಕಿಸಕ್ಕೆಂದರು, ಇನ್ಯಾರೋ ಅವರನ್ನು ಚಿವುಟಿದರು. 'ಸಂಬಂಧವಿಲ್ಲದ ಮಾತು' ಎಂದು ಬರೆದುಕೊಂಡ ಸಿದ್ಧಾರ್ಥ್.

ಫುಪ್ಪು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಹೆಣ ಹೊತ್ತವರ ಚಪ್ಪಲಿಯ ಸದ್ದಿಗಾಗಿ ಕಾದಳು. ಬೀದಿ ಫಿನಾಯಿಲ್ ವಾಸನೆ ಬಿಟ್ಟು ಇನ್ನೇನನ್ನೂ ಕೊಡಲಿಲ್ಲ. ಗಡಿಯಾರ ಇಪ್ಪತ್ತೆಂಟು ದಾಟಿತ್ತು. ಅವಳಿಗೂ ತನ್ನ ಲೆಕ್ಕ ಇದ್ದಿರಬೇಕು. ತಲೆ ಎತ್ತಿ, ಮಡಚಿದ್ದ ಕೋಲನ್ನು ಕಂಕುಳಿನಿಂದ ತೆಗೆದು ಬಿಡಿಸಿದಳು. ಆಮೇಲೆ, ಒಬ್ಬರೂ ಇಲ್ಲದ ಬೀದಿಗೆ ಹೇಳುವ ಹಾಗೆ, ನಾವೆಲ್ಲ ನಿಂತಿದ್ದ ಕಡೆಗೇ ಮುಖ ಮಾಡಿ, ಮೆತ್ತಗೆ ಕೇಳಿದಳು.

"ಜನಾಜಾ ಮುಂದಕ್ಕೆ ಹೋಯ್ತಾ ಅಂತ ಯಾರಾದ್ರೂ ಒಂದು ಮಾತು ಹೇಳ್ರಪ್ಪ. ನಾನು ಬಸ್‌ಸ್ಟ್ಯಾಂಡಿಗೆ ಹೋಗ್ಬೇಕು."